ಬರುತ್ತದೆಂದು ಹೆದರಿಸಿ ಬಾರದೆ ಹೋದ ಪೀಳಿಗೆ

ದಶಕ ಮುಗಿಯುವುದರೊಳಗೆ ಅಮೆರಿಕದಲ್ಲಿ ಹದಿನಾಲ್ಕರಿಂದ ಹದಿನೇಳು ವರ್ಷದವರ ಸಂಖ್ಯೆ ಹತ್ತು ಲಕ್ಷದಷ್ಟು ಹೆಚ್ಚಲಿದೆ, ಅವರಲ್ಲಿ ಅರ್ಧ ಹುಡುಗರು, ಆ ಹುಡುಗರಲ್ಲಿ ನೂರಕ್ಕೆ ಆರು ಮಂದಿ ಪದೇ ಪದೇ ಅಪರಾಧ ಎಸಗುವವರಾಗುತ್ತಾರೆ, ಆದ್ದರಿಂದ ಈಗಿರುವವರ ಮೇಲೆ ಇನ್ನೂ 30,000 ಮಂದಿ ಎಳೆಯ ದರೋಡೆಕೋರರೂ ಕೊಲೆಗಾರರೂ ಕಳ್ಳರೂ ಬೀದಿಗಿಳಿಯಲಿದ್ದಾರೆ. ಇದು 1995ರಲ್ಲಿ ರಾಜ್ಯಶಾಸ್ತ್ರಜ್ಞ ಜೇಮ್ಸ್ ಕ್ಯೂ. ವಿಲ್ಸನ್ ಹಾಕಿದ ಲೆಕ್ಕ. ಅದೇ ವರ್ಷ ಜಾನ್ ಡಿಯೂಲಿಯೊ ಎಂಬ ಇನ್ನೊಬ್ಬ ಪ್ರಾಧ್ಯಾಪಕರು ಈ ಲೆಕ್ಕವನ್ನು ಮುಂದಿಟ್ಟುಕೊಂಡು ಬರಲಿರುವ ಹುಡುಗರಿಗೆ ‘ಸೂಪರ್‌ಪ್ರಿಡೇಟರ್’ (ಬೇಟೆಯಾಡುವ ಮಹಾಮೃಗ) ಎಂಬ ಹೆಸರನ್ನೂ ಕೊಟ್ಟರು. ಹೆಸರು ಪತ್ರಿಕೆಗಳಿಗೆ ಹಿಡಿಸಿತು, ರಾಜಕಾರಣಿಗಳಿಗೆ ಇನ್ನೂ ಹೆಚ್ಚು ಹಿಡಿಸಿತು. 2000ದಲ್ಲಿ ಹದಿನಾಲ್ಕರಿಂದ ಹದಿನೇಳು ತುಂಬಬೇಕಿದ್ದ ಆ ಹುಡುಗರಿಗೆ ಅಂದು ಒಂಬತ್ತರಿಂದ ಹನ್ನೆರಡು ವರ್ಷ ಎಂಬುದನ್ನು ಯೋಚಿಸಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಇನ್ನೂ ಗುಣಾಕಾರದ ಮಗ್ಗಿ ಕಲಿಯುತ್ತಿದ್ದ ಮಕ್ಕಳ ಮೇಲೆ, ಅವರು ಮಾಡದಿದ್ದ ಕೊಲೆಗಳ ಲೆಕ್ಕ ಬರೆಯಲಾಗಿತ್ತು.

ಆ ಪೀಳಿಗೆ ಬರಲೇ ಇಲ್ಲ. ಅಮೆರಿಕದಲ್ಲಿ ಹಿಂಸಾಪರಾಧಗಳಿಗಾಗಿ ಬಂಧಿತರಾಗುವ ಹದಿನೆಂಟರೊಳಗಿನವರ ಪ್ರಮಾಣ 1994ರಲ್ಲಿಯೇ ತುದಿ ಮುಟ್ಟಿ ಇಳಿಯತೊಡಗಿತ್ತು. ಎಂದರೆ ಭವಿಷ್ಯ ನುಡಿದವರು ಶಾಯಿ ಒಣಗುವ ಮೊದಲೇ ತಪ್ಪಾಗಿದ್ದರು. ಆದರೆ ಕಾನೂನುಗಳು ಅಂಕಿಗಳಿಗಾಗಿ ಕಾಯಲಿಲ್ಲ. 1992ರಿಂದ 1997ರವರೆಗಿನ ಅವಧಿಯಲ್ಲಿ ಅಲ್ಲಿನ 45 ರಾಜ್ಯಗಳು, ಮಕ್ಕಳನ್ನು ವಯಸ್ಕರ ನ್ಯಾಯಾಲಯಕ್ಕೆ ಒಪ್ಪಿಸುವುದನ್ನು ಸುಲಭಗೊಳಿಸುವಂತೆ ತಮ್ಮ ಶಾಸನಗಳನ್ನು ತಿದ್ದಿದವು. 2012ರಲ್ಲಿ, ಬಾಲಕರಿಗೆ ಬಿಡುಗಡೆಯ ಅವಕಾಶವೇ ಇಲ್ಲದ ಜೀವಾವಧಿ ಶಿಕ್ಷೆಯನ್ನು ಕಡ್ಡಾಯವಾಗಿ ವಿಧಿಸಬಹುದೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಆ ಮುನ್ಸೂಚನೆ ಸುಳ್ಳಾಯಿತೆಂದು ತಿಳಿಸುವ ಮನವಿಗೆ ಸಹಿ ಹಾಕಿದವರಲ್ಲಿ ಡಿಯೂಲಿಯೊ ಕೂಡ ಒಬ್ಬರು. ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಳ್ಳುವ ವಿದ್ವಾಂಸರು ವಿರಳವಾದ್ದರಿಂದ ಅವರ ಬಗ್ಗೆ ನನಗೆ ಗೌರವವಿದೆ. ಆದರೂ ಆ ಹದಿನೇಳು ವರ್ಷಗಳಲ್ಲಿ ಜೈಲಿಗೆ ಹೋದವರು ಹೋಗಿಯಾಗಿತ್ತು.

ಆ ಲೆಕ್ಕದಲ್ಲಿದ್ದ ‘ನೂರಕ್ಕೆ ಆರು’ ಎಲ್ಲಿಂದ ಬಂತು ಎಂಬುದು ಸ್ವಲ್ಪ ನಿಂತು ನೋಡಬೇಕಾದ ಸಂಗತಿ. ಮಾರ್ವಿನ್ ವೂಲ್ಫ್‌ಗ್ಯಾಂಗ್ ಮತ್ತು ಸಂಗಡಿಗರು 1945ರಲ್ಲಿ ಹುಟ್ಟಿ ಫಿಲಡೆಲ್ಫಿಯಾದಲ್ಲಿ ಬೆಳೆದ 9,945 ಹುಡುಗರ ದಾಖಲೆಗಳನ್ನು ಹದಿನೆಂಟನೆಯ ವಯಸ್ಸಿನವರೆಗೆ ಜಾಲಾಡಿ, 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಐದು ಅಥವಾ ಅದಕ್ಕಿಂತ ಹೆಚ್ಚು ಬಾರಿ ಪೊಲೀಸರ ದಾಖಲೆಗೆ ಸೇರಿದ 627 ಹುಡುಗರು, ಎಂದರೆ ಒಟ್ಟು ಹುಡುಗರ ಶೇಕಡ 6ರಷ್ಟು ಮಂದಿ, ದಾಖಲಾದ ಅಪರಾಧಗಳ ಅರ್ಧಕ್ಕಿಂತ ಹೆಚ್ಚಿನ ಪಾಲಿಗೆ ಕಾರಣರಾಗಿದ್ದರು. ಅಪರಾಧ ಶಾಸ್ತ್ರದಲ್ಲಿ ಇದು ಬಹಳ ದೊಡ್ಡ ಶೋಧ. ಆದರೆ ಇದು ಹಿಂದಿರುಗಿ ನೋಡಿದಾಗ ಮಾತ್ರ ಕಾಣುವ ಆರು. ಆ ಹುಡುಗರು ಒಂಬತ್ತು ವರ್ಷದವರಾಗಿದ್ದಾಗ ಅವರ ನಡುವೆ ನಿಂತು, ಇಗೋ ಈ ಆರುನೂರು ಮಂದಿ ಎಂದು ಬೆರಳು ಮಾಡಿ ತೋರಿಸಬಲ್ಲವರು ಯಾರೂ ಇರಲಿಲ್ಲ. ಮೇಲಾಗಿ ಆ ಐದು ದಾಖಲೆಗಳಲ್ಲಿ ಬಹಳಷ್ಟು ಸಣ್ಣಪುಟ್ಟ ತಂಟೆಗಳೇ. ಒಂದು ಊರಿನ ಒಂದು ವರ್ಷದ ಹುಡುಗರ ಪ್ರಮಾಣವನ್ನು ನಿಸರ್ಗ ನಿಯಮವೆಂಬಂತೆ ಎತ್ತಿಕೊಂಡು, ಮುಂದಿನ ತಲೆಮಾರಿನ ಜನಸಂಖ್ಯೆಯೊಂದಿಗೆ ಗುಣಿಸಿದ್ದೇ ಎಡವಟ್ಟಿನ ಮೂಲ. ಮಕ್ಕಳ ಸಂಖ್ಯೆ ಹೆಚ್ಚಿಯೂ ಅಪರಾಧ ಇಳಿಯಬಹುದೆಂಬ ಸಾಧ್ಯತೆಗೆ ಆ ಗುಣಾಕಾರದಲ್ಲಿ ಜಾಗವೇ ಇರಲಿಲ್ಲ.

ಇಳಿಕೆ ಎಷ್ಟು ದೊಡ್ಡದೆಂದರೆ, ಅಮೆರಿಕದಲ್ಲಿ 1990ರ ದಶಕದ ಮಧ್ಯಭಾಗದಲ್ಲಿ ವರ್ಷಕ್ಕೆ ಇಪ್ಪತ್ತೈದು ಲಕ್ಷವನ್ನು ಮೀರಿದ್ದ ಬಾಲಕರ ಬಂಧನಗಳು 2020ರ ವೇಳೆಗೆ ಐದು ಲಕ್ಷಕ್ಕಿಂತ ಕೆಳಗಿಳಿದವು. ಆ ಒಂದು ವರ್ಷದ ಅಂಕಿಯಲ್ಲಿ ಕೋವಿಡ್‌ನ ಪಾಲೂ ಇದೆ, ಆದರೆ ಇಳಿಜಾರು ಅದಕ್ಕಿಂತ ಬಹಳ ಹಿಂದಿನದು. 2000ದಲ್ಲಿ ಒಂದು ದಿನದ ಎಣಿಕೆಯಂತೆ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಅಲ್ಲಿನ ಬಾಲಾಪರಾಧಿ ನಿಲಯಗಳಲ್ಲಿದ್ದರೆ, ಇಪ್ಪತ್ತು ವರ್ಷಗಳ ಬಳಿಕ ಆ ಸಂಖ್ಯೆ ಅದರ ಕಾಲು ಭಾಗದಷ್ಟಕ್ಕೆ ಇಳಿಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2008ರ ಸುಮಾರಿಗೆ ಮೂರು ಸಾವಿರದ ಆಸುಪಾಸಿನಲ್ಲಿದ್ದ ಬಂಧಿತ ಮಕ್ಕಳ ಸರಾಸರಿ ಸಂಖ್ಯೆ 2022ರ ವೇಳೆಗೆ ಐನೂರರೊಳಗೆ ಬಂದಿತ್ತು. ನೆದರ್ಲೆಂಡ್ಸ್‌ನಲ್ಲಿ 2007ರ ನಂತರ ಅಪರಾಧದ ಶಂಕೆಗೆ ಗುರಿಯಾಗುವ ಹದಿಹರೆಯದವರು ಅರ್ಧಕ್ಕಿಂತಲೂ ಕಡಿಮೆಯಾದರು. ಜಪಾನಿನಲ್ಲಿ 2004ರಿಂದ ಸುಮಾರು ಎರಡು ದಶಕಗಳ ಕಾಲ ಇಳಿಕೆ ನಿಲ್ಲಲೇ ಇಲ್ಲ. ಅಲ್ಲಿ ಮಕ್ಕಳೇ ಕಡಿಮೆಯಾಗುತ್ತಿದ್ದಾರಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ, ಆದರೆ ಜನಸಂಖ್ಯೆಗೆ ಹೋಲಿಸಿದ ಪ್ರಮಾಣವೂ ಇಳಿದಿದೆ. ಬೇರೆ ಬೇರೆ ಕಾನೂನು, ಬೇರೆ ಬೇರೆ ಸರ್ಕಾರ, ಬೇರೆ ಬೇರೆ ಶಾಲಾ ಪದ್ಧತಿ ಇರುವ ದೇಶಗಳಲ್ಲಿ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಇದು ನಡೆಯಿತೆಂಬುದರಿಂದಲೇ, ಇದು ನನ್ನ ಸಾಧನೆ ಎಂದು ಯಾವ ಮಂತ್ರಿ ಹೇಳಿದರೂ ನಂಬುವುದು ನನಗೆ ಕಷ್ಟವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಂಧನದ ಅಂಕಿ ಅಳೆಯುವುದು ಮಕ್ಕಳ ನಡತೆಯನ್ನು ಎಷ್ಟೋ, ಪೊಲೀಸರ ನಡತೆಯನ್ನೂ ಅಷ್ಟೇ. ಇದಕ್ಕೆ ಇಂಗ್ಲೆಂಡಿನ ಉದಾಹರಣೆಯಷ್ಟು ಒಳ್ಳೆಯದು ನನಗೆ ಬೇರೆ ಸಿಕ್ಕಿಲ್ಲ. ಅಲ್ಲಿನ ಸರ್ಕಾರ 2002ರಲ್ಲಿ, ‘ನ್ಯಾಯದ ಮುಂದೆ ತಂದ ಅಪರಾಧ’ಗಳ ಸಂಖ್ಯೆಯನ್ನು ಏರಿಸಬೇಕೆಂದು ಪೊಲೀಸರಿಗೆ ಗುರಿ ಕೊಟ್ಟಿತು, 2007–08ರ ಹೊತ್ತಿಗೆ ಅದು ವರ್ಷಕ್ಕೆ 12.5 ಲಕ್ಷ ಮುಟ್ಟಬೇಕಿತ್ತು. ಈ ಎಣಿಕೆಯಲ್ಲಿ ಕೊಲೆಗಾರನೊಬ್ಬನಿಗೆ ಶಿಕ್ಷೆಯಾದರೂ ಒಂದು ಅಂಕ, ಆಟದ ಮೈದಾನದಲ್ಲಿ ಇನ್ನೊಬ್ಬನನ್ನು ತಳ್ಳಿದ ಹುಡುಗನಿಗೆ ಅಧಿಕೃತ ಎಚ್ಚರಿಕೆ ಕೊಟ್ಟರೂ ಒಂದೇ ಅಂಕ. ಕೊಲೆಗಾರನನ್ನು ಹಿಡಿಯುವುದಕ್ಕೆ ತಿಂಗಳುಗಳು ಬೇಕು, ಹುಡುಗನನ್ನು ಹಿಡಿಯುವುದಕ್ಕೆ ಹತ್ತು ನಿಮಿಷ ಸಾಕು. ಏನಾಗಬೇಕಿತ್ತೋ ಅದೇ ಆಯಿತು. ಹಿಂದೆ ಗದರಿಸಿ ಮನೆಗೆ ಕಳಿಸುತ್ತಿದ್ದ ಮಕ್ಕಳೆಲ್ಲ ದಾಖಲೆಗೆ ಸೇರಿದರು, ಮೊದಲ ಬಾರಿಗೆ ಬಾಲನ್ಯಾಯ ವ್ಯವಸ್ಥೆಗೆ ಕಾಲಿಟ್ಟವರ ಸಂಖ್ಯೆ 2006–07ರಲ್ಲಿ ಒಂದು ಲಕ್ಷವನ್ನು ದಾಟಿತು. 2008ರಲ್ಲಿ ಗುರಿಯನ್ನು ಕೈಬಿಟ್ಟ ಮೇಲೆ ಅದೇ ಸಂಖ್ಯೆ ಜಾರುತ್ತಾ ಬಂದು, 2022ರ ವೇಳೆಗೆ ಹತ್ತು ಸಾವಿರಕ್ಕಿಂತ ಕೆಳಗಿಳಿಯಿತು. ಆ ಏರಿಕೆಯಲ್ಲಿ ಮಕ್ಕಳ ಕೈವಾಡ ಅಲ್ಪ, ಇಳಿಕೆಯಲ್ಲಿಯೂ ಒಂದು ಪಾಲು ಅವರದ್ದಲ್ಲ.

ಹಾಗಾದರೆ ಇಡೀ ಇಳಿಕೆಯೇ ಕಾಗದದ ಮೇಲಿನದೇ? ಅಲ್ಲ. ಪೊಲೀಸರನ್ನು ಕೇಳದೆ ಮಕ್ಕಳನ್ನೇ ಕೇಳಿದ ಸಮೀಕ್ಷೆಗಳಿವೆ. ಅಮೆರಿಕದ ಪ್ರೌಢಶಾಲೆಗಳಲ್ಲಿ ಹೆಸರು ಬರೆಯಿಸದೆ ನಡೆಸುವ ಸಮೀಕ್ಷೆಯೊಂದರಲ್ಲಿ, ಕಳೆದ ಒಂದು ವರ್ಷದಲ್ಲಿ ಹೊಡೆದಾಟದಲ್ಲಿ ತೊಡಗಿದ್ದೆವೆಂದು ಹೇಳಿದವರು 1991ರಲ್ಲಿ ಶೇಕಡ 42ಕ್ಕೂ ಹೆಚ್ಚಿದ್ದರು, 2019ರಲ್ಲಿ ಅವರು ಶೇಕಡ 22ರಷ್ಟಿದ್ದರು. ಈ ಉತ್ತರಕ್ಕೂ ಯಾವ ಠಾಣೆಯ ಗುರಿಗೂ ಸಂಬಂಧವಿಲ್ಲ. ಇಳಿಕೆ ಎಲ್ಲೆಡೆಯೂ ಸರಾಗವಾಗಿ ಸಾಗಿದೆ ಎಂದೂ ಇದರ ಅರ್ಥವಲ್ಲ. ಸ್ವೀಡನ್‌ನಲ್ಲಿ ಇತ್ತೀಚಿನ ವರ್ಷಗಳಲ್ಲಿ ಅಪರಾಧಿ ಗುಂಪುಗಳು ಹದಿನೈದು ತುಂಬದ ಮಕ್ಕಳನ್ನು, ಆ ವಯಸ್ಸಿನವರನ್ನು ಶಿಕ್ಷಿಸುವಂತಿಲ್ಲ ಎಂಬ ಕಾರಣಕ್ಕಾಗಿಯೇ, ಮೊಬೈಲ್ ಮೂಲಕ ಹುಡುಕಿ ಗುಂಡು ಹಾರಿಸುವ ಕೆಲಸಕ್ಕೆ ಇಳಿಸುತ್ತಿವೆ. ಇನ್ನು ಮನೆಯಲ್ಲಿ ಕುಳಿತೇ ಮಾಡಬಹುದಾದ ವಂಚನೆ, ಬೆದರಿಕೆ, ಕಿರುಕುಳಗಳನ್ನು ಹಳೆಯ ಅಳತೆಗೋಲುಗಳು ಸರಿಯಾಗಿ ಹಿಡಿಯುವುದಿಲ್ಲ. ಇಷ್ಟೆಲ್ಲ ಕಳೆದ ಮೇಲೂ ಉಳಿಯುವ ಇಳಿಕೆ ದೊಡ್ಡದೇ.

ಕಾರಣಗಳ ವಿಷಯಕ್ಕೆ ಬಂದರೆ, ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಬಹಳ ಸಾಧಾರಣವಾದದ್ದು, ಅದು ಬೀಗಗಳ ಕಥೆ. ಒಂದು ಕಾಲದಲ್ಲಿ ನಿಲ್ಲಿಸಿದ ಕಾರನ್ನು ಒಂದು ತಂತಿಯ ತುಂಡು ಮತ್ತು ಸ್ಕ್ರೂಡ್ರೈವರ್ ಹಿಡಿದ ಹುಡುಗ ಕ್ಷಣಾರ್ಧದಲ್ಲಿ ಓಡಿಸಿಕೊಂಡು ಹೋಗಬಹುದಿತ್ತು. 1998ರ ಅಕ್ಟೋಬರ್‌ನಿಂದ ಯುರೋಪಿಯನ್ ಒಕ್ಕೂಟದಲ್ಲಿ ಮಾರಾಟವಾಗುವ ಪ್ರತಿ ಹೊಸ ಕಾರಿನಲ್ಲಿಯೂ, ಸರಿಯಾದ ಕೀಲಿಯಿಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ಇಮೊಬಿಲೈಸರ್ ಕಡ್ಡಾಯವಾಯಿತು. ಅಪರಾಧಶಾಸ್ತ್ರಜ್ಞ ಗ್ರಹಾಂ ಫ್ಯಾರೆಲ್ ಮತ್ತು ಸಂಗಡಿಗರ ವಾದದ ಪ್ರಕಾರ, ಕಾರುಗಳ್ಳತನ ಮತ್ತು ಅಂಗಡಿಗಳಲ್ಲಿನ ಸಣ್ಣ ಕಳವು ಅನೇಕ ಹುಡುಗರ ಪಾಲಿಗೆ ರಂಗಪ್ರವೇಶದಂಥ ಅಪರಾಧಗಳು. ಮೊದಲ ಕಳವೇ ಕೈಗೂಡದಿದ್ದರೆ ಅದರ ಬೆನ್ನಿಗೆ ಬರುವ ಕದ್ದ ಮಾಲಿನ ವ್ಯವಹಾರ, ಹೊಸ ಸಹವಾಸ, ಪೊಲೀಸರ ಪರಿಚಯ ಯಾವುದೂ ಶುರುವಾಗುವುದಿಲ್ಲ. ಯಾರ ಮನಸ್ಸನ್ನೂ ತಿದ್ದದೆ, ಯಾರಿಗೂ ಉಪದೇಶ ಮಾಡದೆ, ಒಂದು ಎಲೆಕ್ಟ್ರಾನಿಕ್ ಚಿಪ್ಪು ಸಾವಿರಾರು ಮಕ್ಕಳನ್ನು ನ್ಯಾಯಾಲಯದ ಮೆಟ್ಟಿಲಿನಿಂದ ದೂರ ಇಟ್ಟಿತು ಎಂಬುದು ನೀತಿಬೋಧಕರಿಗೆ ರುಚಿಸುವ ಮಾತಲ್ಲ.

ಇನ್ನೊಂದು ಕಾರಣ ಪ್ರೇಕ್ಷಕರ ಕೊರತೆ. ಮಾರ್ಗೋ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವನ್ನು ಬೇರೆ ಬೇರೆ ವಯಸ್ಸಿನವರಲ್ಲಿ ಕೆಲವರಿಗೆ ಒಂಟಿಯಾಗಿ, ಇನ್ನು ಕೆಲವರಿಗೆ ಗೆಳೆಯರ ಸಮ್ಮುಖದಲ್ಲಿ ಆಡಲು ಕೊಟ್ಟಿದ್ದರು. ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ಗಣನೀಯವಾಗಿ ಹೆಚ್ಚು ಅಪಾಯಕ್ಕೆ ಕೈಹಾಕಿದರು, ಪ್ರಾಯಕ್ಕೆ ಬಂದ ಹಿರಿಯರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಬಾಲಾಪರಾಧ ಬಹುಮಟ್ಟಿಗೆ ಗುಂಪಿನ ಕೆಲಸ, ಸಂಜೆಯ ಕೆಲಸ, ಹಿರಿಯರ ಕಣ್ಣಿಲ್ಲದ ಜಾಗದ ಕೆಲಸ. ಬೀದಿಯಲ್ಲಿ ಗುರಿಯಿಲ್ಲದೆ ಕಳೆಯುತ್ತಿದ್ದ ಗಂಟೆಗಳು ಪರದೆಯ ಮುಂದಕ್ಕೆ ಸರಿದದ್ದರಿಂದ ಮಕ್ಕಳ ನಿದ್ದೆಗೂ ಮನಸ್ಸಿಗೂ ಬೇರೆ ಹಾನಿಗಳಾಗಿರಬಹುದು. ಆದರೆ ಕಲ್ಲು ತೂರುವುದಕ್ಕೆ ಕಲ್ಲು, ಕಿಟಕಿ, ನೋಡುವ ಮೂವರು ಸ್ನೇಹಿತರು ಎಲ್ಲರೂ ಒಂದೆಡೆ ಸೇರಬೇಕಲ್ಲವೇ? ಹಲವು ದೇಶಗಳಲ್ಲಿ ಹದಿಹರೆಯದವರ ಮದ್ಯಪಾನ ಕಡಿಮೆಯಾದದ್ದನ್ನೂ ಇದರ ಜೊತೆಗೇ ಇಟ್ಟು ನೋಡಬೇಕು.

ಪೆಟ್ರೋಲಿನಲ್ಲಿದ್ದ ಸೀಸದ ವಾದವೂ ಪ್ರಸಿದ್ಧವಾದದ್ದೇ. ಎಳವೆಯಲ್ಲಿ ಸೀಸ ದೇಹಕ್ಕೆ ಸೇರಿದರೆ ಮೆದುಳಿನ ಬೆಳವಣಿಗೆಗೆ, ಅದರಲ್ಲೂ ಆತುರವನ್ನು ಹತೋಟಿಯಲ್ಲಿಡುವ ಶಕ್ತಿಗೆ ಧಕ್ಕೆಯಾಗುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಸೀಸಮುಕ್ತ ಇಂಧನ ಬಂದು ಸುಮಾರು ಎರಡು ದಶಕಗಳ ಬಳಿಕ ಅಪರಾಧ ಇಳಿಯಿತೆಂಬುದು ಆಕರ್ಷಕವಾದ ಹೊಂದಾಣಿಕೆ. ಇದು ಚಿತ್ರದ ಒಂದು ಭಾಗ ಇರಬಹುದು, ಇಡೀ ಚಿತ್ರವೆಂದು ಒಪ್ಪಲಾರೆ.

ಈಗ ನನ್ನದೇ ಒಂದು ಅಪರಾಧ. ಹದಿನಾಲ್ಕನೆಯ ವಯಸ್ಸಿನಲ್ಲಿ ನಾನು ಶಾಲೆಯ ಪ್ರಯೋಗಾಲಯದಿಂದ ಒಂದು ಭೂತಗನ್ನಡಿಯನ್ನು ಕದ್ದೆ. ಅದರ ಅವಶ್ಯಕತೆ ನನಗೇನೂ ಇರಲಿಲ್ಲ, ಕದಿಯಬಲ್ಲೆನೆಂದು ಇಬ್ಬರು ಗೆಳೆಯರಿಗೆ ತೋರಿಸಬೇಕಿತ್ತು. ಎರಡು ದಿನಗಳ ನಂತರ ವಿಜ್ಞಾನದ ಮೇಷ್ಟ್ರು ತರಗತಿ ಮುಗಿಯುವ ಹೊತ್ತಿಗೆ, ಯಾರತ್ತಲೂ ನೋಡದೆ, ಬೀರುವಿನಿಂದ ಒಂದು ಭೂತಗನ್ನಡಿ ಕಾಣೆಯಾಗಿದೆ, ಸೋಮವಾರ ಬೆಳಿಗ್ಗೆ ನಾನು ಬೀಗ ತೆಗೆಯುವಾಗ ಅದು ಮೇಜಿನ ಮೇಲಿರಲಿ ಎಂದಷ್ಟೇ ಹೇಳಿದರು. ಸೋಮವಾರ ಅದು ಮೇಜಿನ ಮೇಲಿತ್ತು. ಆ ವಾರ ನನ್ನನ್ನೇ ಕರೆದು, ಬೀರುವಿನ ಸಾಮಾನುಗಳನ್ನೆಲ್ಲ ಒರೆಸಿ ಪಟ್ಟಿ ಮಾಡಿಕೊಡು ಎಂದರು. ಅವರಿಗೆ ಗೊತ್ತಿತ್ತೆಂದು ನನಗೂ ಗೊತ್ತಾಯಿತು. ಅದೇ ವರ್ಷ ಇನ್ನೊಬ್ಬ ಹುಡುಗನ ಪ್ರಸಂಗ ಬೇರೆ ರೀತಿ ನಡೆಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ನನ್ನಂಥವರು ಅಪವಾದವಲ್ಲ. ಅಪರಾಧ ಹರೆಯದಲ್ಲಿ ಏರಿ ವಯಸ್ಸಾದಂತೆ ಇಳಿಯುತ್ತದೆಂಬುದನ್ನು ಬೆಲ್ಜಿಯಂನ ಅಡೋಲ್ಫ್ ಕೆಟಲೆ 1831ರಷ್ಟು ಹಿಂದೆಯೇ ಅಂಕಿಗಳಿಂದ ತೋರಿಸಿದ್ದರು. ದಕ್ಷಿಣ ಲಂಡನ್ನಿನ 411 ಹುಡುಗರನ್ನು 1961ರಿಂದ ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವೊಂದನ್ನು ಡೊನಾಲ್ಡ್ ವೆಸ್ಟ್ ಆರಂಭಿಸಿ ಡೇವಿಡ್ ಫ್ಯಾರಿಂಗ್ಟನ್ ಮುಂದುವರಿಸಿದರು. ಐವತ್ತನೆಯ ವಯಸ್ಸಿನ ಹೊತ್ತಿಗೆ ಅವರಲ್ಲಿ ನೂರಕ್ಕೆ ನಲವತ್ತರಷ್ಟು ಮಂದಿಗೆ ಒಮ್ಮೆಯಾದರೂ ಶಿಕ್ಷೆಯಾಗಿತ್ತು, ಆದರೆ ಒಟ್ಟು ಶಿಕ್ಷೆಗಳಲ್ಲಿ ಅರ್ಧದಷ್ಟು ಕೇವಲ ಶೇಕಡ 7ರಷ್ಟು ಮಂದಿಯ ಪಾಲಿನವು. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳ ಅಧ್ಯಯನದ ಬಲದಿಂದ ಟೆರಿ ಮೊಫಿಟ್ 1993ರಲ್ಲಿ ಈ ಎರಡು ಬಗೆಯನ್ನು ಬೇರ್ಪಡಿಸಿದರು. ಒಂದು ಬಗೆಯವರು ಹರೆಯದಲ್ಲಿ ಮಾತ್ರ ದಾರಿ ತಪ್ಪಿ ತಾವಾಗಿಯೇ ಮರಳುವವರು, ಅವರೇ ಬಹುಸಂಖ್ಯಾತರು. ಇನ್ನೊಂದು ಬಗೆಯವರು ಎಳವೆಯಿಂದಲೇ ಹಿಂಸೆ, ಕಲಿಕೆಯ ತೊಡಕು, ಒಡೆದ ಸಂಸಾರಗಳ ನಡುವೆ ಬೆಳೆದು, ಪ್ರಾಯದಲ್ಲಿಯೂ ಅದೇ ಹಾದಿಯಲ್ಲಿ ಉಳಿಯುವ ಕೆಲವರು. ಹದಿನೈದನೆಯ ವಯಸ್ಸಿನಲ್ಲಿ ಈ ಇಬ್ಬರೂ ಹೊರನೋಟಕ್ಕೆ ಒಂದೇ ರೀತಿ ಕಾಣುತ್ತಾರೆ ಎಂಬುದೇ ಬಾಲನ್ಯಾಯದ ಮುಖ್ಯ ಸಂಕಟ. ಮೊದಲ ಬಗೆಯವರನ್ನು ಸುಮ್ಮನೆ ಬಿಟ್ಟರೆ ಸಾಕು. ಎರಡನೆಯವರಿಗೆ ಹದಿನೈದರಲ್ಲಿ ನೆರವು ತಲುಪಿಸುವುದೆಂದರೆ ಬಹಳ ತಡವಾಗಿರುತ್ತದೆ.

ಸುಮ್ಮನೆ ಬಿಡುವುದು ಔದಾಸೀನ್ಯವಲ್ಲವೇ ಎಂದು ಕೇಳುವವರಿಗೆ ಎರಡು ಅಧ್ಯಯನಗಳನ್ನು ತೋರಿಸಬಹುದು. ಆಂಥನಿ ಪೆಟ್ರೊಸಿನೊ ಮತ್ತು ಸಂಗಡಿಗರು 2010ರಲ್ಲಿ, ಏಳು ಸಾವಿರಕ್ಕೂ ಹೆಚ್ಚು ಮಕ್ಕಳನ್ನೊಳಗೊಂಡ 29 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಿಧ್ಯುಕ್ತವಾಗಿ ಮೊಕದ್ದಮೆ ಹೂಡಿದ್ದರಿಂದ ಮರು ಅಪರಾಧ ಕಡಿಮೆಯಾದದ್ದು ಕಾಣಲಿಲ್ಲ, ಬದಲಿಗೆ ಬಿಟ್ಟು ಕಳಿಸಿದವರಿಗಿಂತ ತುಸು ಹೆಚ್ಚೇ ಆಗಿತ್ತು. ಎರಡನೆಯದು ಷಿಕಾಗೊ ನಗರವಿರುವ ಕುಕ್ ಕೌಂಟಿಯದು. ಜಗತ್ತಿನ ಮೊದಲ ಬಾಲಾಪರಾಧಿ ನ್ಯಾಯಾಲಯ 1899ರಲ್ಲಿ ಸ್ಥಾಪನೆಯಾದದ್ದೂ ಅಲ್ಲಿಯೇ. ಅಲ್ಲಿ ಮಗುವಿನ ಪ್ರಕರಣ ಯಾವ ನ್ಯಾಯಾಧೀಶರ ಮುಂದೆ ಹೋಗುತ್ತದೆಂಬುದು ಬಹುಮಟ್ಟಿಗೆ ಅದೃಷ್ಟದ ಮಾತು. ಕೆಲವು ನ್ಯಾಯಾಧೀಶರು ಕಠಿಣ, ಕೆಲವರು ಮೃದು. ಆನಾ ಐಜರ್ ಮತ್ತು ಜೋಸೆಫ್ ಡಾಯ್ಲ್ ಈ ಆಕಸ್ಮಿಕವನ್ನೇ ಪ್ರಯೋಗವನ್ನಾಗಿ ಬಳಸಿಕೊಂಡು, ಹೆಚ್ಚುಕಡಿಮೆ ಒಂದೇ ತೆರನಾದ ಪ್ರಕರಣಗಳಲ್ಲಿ ಒಳಗೆ ಹೋದ ಮತ್ತು ಹೊರಗೇ ಉಳಿದ ಮಕ್ಕಳ ಮುಂದಿನ ಬದುಕನ್ನು ಹೋಲಿಸಿದರು. 2015ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ನಿಲಯಕ್ಕೆ ಕಳಿಸಿದ್ದರಿಂದ ಪ್ರೌಢಶಾಲೆ ಮುಗಿಸುವ ಸಾಧ್ಯತೆ 13 ಶೇಕಡಾಂಶ ಇಳಿಯಿತು, ವಯಸ್ಕರಾದ ಮೇಲೆ ಜೈಲು ಸೇರುವ ಸಾಧ್ಯತೆ 23 ಶೇಕಡಾಂಶ ಏರಿತು. ಒಳಗೆ ಹೋದ ಹುಡುಗ ಕೆಲವೇ ವಾರಗಳಲ್ಲಿ ಹೊರಬಂದರೂ ಶಾಲೆಗೆ ಮರಳುವುದಿಲ್ಲ ಎಂಬುದು ಇದರ ಮುಖ್ಯ ಕಾರಣಗಳಲ್ಲೊಂದು.

ತಡೆಯುವ ಪ್ರಯತ್ನಗಳ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಕಾಡುವುದು ಗೆಲುವುಗಳಲ್ಲ, ಒಂದು ಸೋಲು. ಮೆಸಾಚುಸೆಟ್ಸ್‌ನ ವೈದ್ಯ ರಿಚರ್ಡ್ ಕ್ಯಾಬಟ್ ಅವರ ಯೋಜನೆಯಂತೆ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಪಟ್ಟಣಗಳ ಹುಡುಗರನ್ನು ವಯಸ್ಸು, ಮನೆತನ, ಸ್ವಭಾವಗಳಲ್ಲಿ ಹೋಲುವಂತೆ ಜೋಡಿ ಮಾಡಿ, ನಾಣ್ಯ ಚಿಮ್ಮಿ, ಜೋಡಿಯಲ್ಲಿ ಒಬ್ಬನನ್ನು ಆರಿಸಲಾಯಿತು. ಆರಿಸಿದ ಹುಡುಗನ ಮನೆಗೆ ಸಲಹೆಗಾರರೊಬ್ಬರು ಸರಾಸರಿ ತಿಂಗಳಿಗೆ ಎರಡು ಬಾರಿಯಂತೆ ಸುಮಾರು ಐದು ವರ್ಷ ಹೋಗಿ ಬಂದರು. ಪಾಠ ಹೇಳಿಕೊಟ್ಟರು, ವೈದ್ಯರ ಬಳಿ ಕರೆದೊಯ್ದರು, ಮನೆಯ ಜಗಳಗಳಲ್ಲಿ ನೆರವಾದರು, ಬೇಸಿಗೆ ಶಿಬಿರಗಳಿಗೆ ಕಳಿಸಿದರು. 1939ರಿಂದ 1945ರವರೆಗೆ ನಡೆದ ಈ ಕಾರ್ಯದಲ್ಲಿ ಕೊನೆಯವರೆಗೆ ಉಳಿದವರು 253 ಜೋಡಿ. ಮೂವತ್ತು ವರ್ಷಗಳ ನಂತರ ಜೋನ್ ಮೆಕಾರ್ಡ್ ಆ ಹುಡುಗರನ್ನೆಲ್ಲ ಹುಡುಕಿ ಹೊರಟರು. ಗಂಡಸರಾಗಿದ್ದ ಅವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ, ಆ ಯೋಜನೆಯಿಂದ ನಮಗೆ ಒಳ್ಳೆಯದಾಯಿತು ಎಂದು ಕೃತಜ್ಞತೆಯಿಂದ ಹೇಳಿದರು. ಆದರೆ ದಾಖಲೆಗಳು ಬೇರೆಯದನ್ನೇ ಹೇಳಿದವು. 1978ರಲ್ಲಿ ಮೆಕಾರ್ಡ್ ಪ್ರಕಟಿಸಿದಂತೆ, ನೆರವು ಪಡೆದವರು ತಮ್ಮ ಜೋಡಿಗಿಂತ ಹೆಚ್ಚಾಗಿ ಮತ್ತೆ ಮತ್ತೆ ಅಪರಾಧ ಎಸಗಿದ್ದರು, ಕುಡಿತಕ್ಕೆ ಬಲಿಯಾಗಿದ್ದರು, ಬೇಗ ಸತ್ತಿದ್ದರು.

ಯಾಕೆ ಹೀಗಾಯಿತೆಂಬುದಕ್ಕೆ ಉತ್ತರದ ಒಂದು ತುಣುಕು ಸಿಕ್ಕಿದ್ದು 1999ರಲ್ಲಿ, ಥಾಮಸ್ ಡಿಶಿಯನ್ ಮತ್ತು ಫ್ರಾನ್ಸ್ವಾ ಪೂಲಾ ಅವರೊಡನೆ ಮೆಕಾರ್ಡ್ ಆ ದತ್ತಾಂಶವನ್ನು ಮತ್ತೆ ಬಿಚ್ಚಿದಾಗ. ಹಾನಿ ಹೆಚ್ಚಾಗಿ ಕಂಡದ್ದು ಒಂದಕ್ಕಿಂತ ಹೆಚ್ಚು ಸಲ ಬೇಸಿಗೆ ಶಿಬಿರಕ್ಕೆ ಹೋದ ಹುಡುಗರಲ್ಲಿ. ತಂಟೆಕೋರ ಹುಡುಗರನ್ನು ಒಂದೆಡೆ ಸೇರಿಸಿದಾಗ, ಹಿರಿಯರು ಏನೇ ಬೋಧಿಸುತ್ತಿರಲಿ, ಹುಡುಗರು ಒಬ್ಬರಿಗೊಬ್ಬರು ಬೇರೆ ಪಾಠ ಹೇಳಿಕೊಡುತ್ತಿರುತ್ತಾರೆ. ತಂಟೆಯ ಕಥೆ ಹೇಳಿದವನಿಗೆ ಸಿಗುವ ನಗುವೇ ಅಲ್ಲಿ ಬಹುಮಾನ. ಅಪಾಯದಲ್ಲಿರುವ ಮಕ್ಕಳಿಗಾಗಿ ವಿಶೇಷ ಶಿಬಿರ ಎಂಬ ಆಮಂತ್ರಣ ಕಂಡಾಗಲೆಲ್ಲ ನನಗೆ ಈ 253 ಜೋಡಿಗಳ ನೆನಪಾಗುತ್ತದೆ. ನಡೆಸುವವರ ಸದುದ್ದೇಶವನ್ನು ನಾನು ಶಂಕಿಸುವುದಿಲ್ಲ. ಕ್ಯಾಬಟ್ ಅವರ ಸದುದ್ದೇಶದಲ್ಲಿ ಏನು ಕೊರತೆಯಿತ್ತು?

ಹೆದರಿಸಿ ತಿದ್ದುವ ಪ್ರಯೋಗದ ಬಗ್ಗೆ ಇಷ್ಟು ಮರುಕವೂ ಬೇಕಿಲ್ಲ. ನ್ಯೂಜೆರ್ಸಿಯ ರಾವೇ ಜೈಲಿನಲ್ಲಿ 1970ರ ದಶಕದಲ್ಲಿ, ಜೀವಾವಧಿ ಕೈದಿಗಳು ಭೇಟಿಗೆ ಬಂದ ಮಕ್ಕಳ ಮುಖಕ್ಕೆ ಮುಖ ಕೊಟ್ಟು ಅರಚಿ, ಜೈಲಿನ ಭೀಕರತೆಯನ್ನು ವರ್ಣಿಸುತ್ತಿದ್ದರು. ಅದರ ಮೇಲೆ ಬಂದ ಸಾಕ್ಷ್ಯಚಿತ್ರ ಆಸ್ಕರ್ ಗೆದ್ದಿತು, ಕಾರ್ಯಕ್ರಮ ಎಲ್ಲೆಡೆ ಹಬ್ಬಿತು. ಜೇಮ್ಸ್ ಫಿಂಕನಾವರ್ ಅಲ್ಲಿಗೆ ಹೋದ ಮಕ್ಕಳನ್ನು ಹೋಗದವರೊಂದಿಗೆ ಹೋಲಿಸಿದಾಗ, ಹೋದವರಲ್ಲಿ ಶೇಕಡ 41 ಮಂದಿ ಮತ್ತೆ ಅಪರಾಧ ಎಸಗಿದ್ದರು, ಹೋಗದವರಲ್ಲಿ ಶೇಕಡ 11 ಮಂದಿ ಮಾತ್ರ. ಅದು ಸಣ್ಣ ಗುಂಪಿನ ಅಧ್ಯಯನ ನಿಜ, ಆದರೆ ಆನಂತರದ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದಾಗಲೂ ಹಾನಿಯೇ ಕಂಡಿತು. ಗಟ್ಟಿಗನೆನಿಸಿಕೊಳ್ಳಬೇಕೆಂಬ ಹಂಬಲವುಳ್ಳ ಹುಡುಗನಿಗೆ ಊರಿನ ಅತಿ ಗಟ್ಟಿಗರನ್ನು ಹತ್ತಿರದಿಂದ ತೋರಿಸಿದರೆ ಅವನು ಕಲಿಯುವುದು ಭಯವನ್ನೇ ಎಂದು ಯಾಕೆ ಭಾವಿಸಬೇಕು?

ಫಲ ಕೊಟ್ಟ ಪ್ರಯತ್ನಗಳಲ್ಲಿ ಬಹಳಷ್ಟರ ಹೆಸರಿನಲ್ಲಿ ಅಪರಾಧ ಎಂಬ ಮಾತೇ ಇಲ್ಲ. ಮಿಷಿಗನ್‌ನ ಇಪ್ಸಿಲಾಂಟಿಯಲ್ಲಿ 1962ರಿಂದ ನಡೆದ ಪೆರಿ ಶಾಲಾಪೂರ್ವ ಯೋಜನೆಯಲ್ಲಿ ಬಡ ಕುಟುಂಬಗಳ 123 ಮಕ್ಕಳಿದ್ದರು. ನಲವತ್ತು ತುಂಬುವ ಹೊತ್ತಿಗೆ ಐದು ಅಥವಾ ಅದಕ್ಕಿಂತ ಹೆಚ್ಚು ಬಾರಿ ಬಂಧಿತರಾದವರು, ಆ ಶಾಲೆಗೆ ಹೋದವರಲ್ಲಿ ಶೇಕಡ 36, ಹೋಗದವರಲ್ಲಿ ಶೇಕಡ 55. ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ ಡೇವಿಡ್ ಓಲ್ಡ್ಸ್ ಆರಂಭಿಸಿದ ಯೋಜನೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಅಲ್ಲಿ ದಾದಿಯರು ಚೊಚ್ಚಲ ಗರ್ಭಿಣಿಯರ ಮನೆಗೆ ಹೋಗತೊಡಗಿ, ಮಗುವಿಗೆ ಎರಡು ವರ್ಷವಾಗುವವರೆಗೆ ಹೋಗುತ್ತಿದ್ದರು. ಹದಿನೈದು ವರ್ಷಗಳ ನಂತರ ಆ ಮಕ್ಕಳ ಬಂಧನಗಳು ಹೋಲಿಕೆಯ ಗುಂಪಿಗಿಂತ ಅರ್ಧಕ್ಕೂ ಕಡಿಮೆ. ಹತ್ತೊಂಬತ್ತರ ಹೊತ್ತಿಗೆ ಮಾತ್ರ ಆ ಪರಿಣಾಮ ಹುಡುಗಿಯರಲ್ಲಷ್ಟೇ ಉಳಿದಿತ್ತು. ಷಿಕಾಗೊದಲ್ಲಿ 2012ರ ಬೇಸಿಗೆಯಲ್ಲಿ, ಹಿಂಸೆ ಹೆಚ್ಚಿರುವ ಬಡಾವಣೆಗಳ 1,634 ವಿದ್ಯಾರ್ಥಿಗಳ ನಡುವೆ ಲಾಟರಿ ಎತ್ತಿ, ಗೆದ್ದವರಿಗೆ ಎಂಟು ವಾರಗಳ ಸಂಬಳದ ಕೆಲಸ ಕೊಟ್ಟರು. ಸಾರಾ ಹೆಲರ್ 2014ರಲ್ಲಿ ಪ್ರಕಟಿಸಿದಂತೆ, ಮುಂದಿನ ಹದಿನಾರು ತಿಂಗಳಲ್ಲಿ ಅವರ ಹಿಂಸಾಪರಾಧದ ಬಂಧನಗಳು ಶೇಕಡ 43ರಷ್ಟು ಕಡಿಮೆಯಾದವು. ಇದರಲ್ಲಿ ನನಗೆ ಕುತೂಹಲವೆನಿಸಿದ್ದು, ಇಳಿಕೆಯ ಬಹುಭಾಗ ಕಂಡುಬಂದದ್ದು ಕೆಲಸ ಮುಗಿದ ಮೇಲೆ ಎಂಬುದು. ಬಿಡುವಿಲ್ಲದೆ ದುಡಿದದ್ದರಿಂದ ಜಗಳಕ್ಕೆ ಸಮಯ ಸಿಗಲಿಲ್ಲ ಎಂಬ ಸರಳ ವಿವರಣೆ ಇಲ್ಲಿ ಸಾಲುವುದಿಲ್ಲ. ಹೇಳಿದ ಮಾತಿಗೆ ಸಿಡಿಯದೆ ಉತ್ತರಿಸುವುದನ್ನು ಆ ಎಂಟು ವಾರಗಳು ಕಲಿಸಿರಬೇಕು ಎಂಬುದು ನನ್ನ ಊಹೆ.

ಇಳಿಕೆಯ ಫಲ ಎಲ್ಲ ಮಕ್ಕಳಿಗೂ ಸಮನಾಗಿ ಸಿಕ್ಕಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಂಧಿತ ಮಕ್ಕಳ ಸಂಖ್ಯೆ ಕುಸಿಯುತ್ತಾ ಬಂದಂತೆ, ಉಳಿದವರಲ್ಲಿ ಅಲ್ಪಸಂಖ್ಯಾತ ಜನಾಂಗಗಳ ಮಕ್ಕಳ ಪಾಲು ಏರುತ್ತಾ ಹೋಗಿ, 2021ರ ಹೊತ್ತಿಗೆ ಅರ್ಧವನ್ನು ದಾಟಿತು. ಇದಕ್ಕೆ ಸಂಸದ ಡೇವಿಡ್ ಲ್ಯಾಮಿ 2017ರ ತಮ್ಮ ಪರಿಶೀಲನಾ ವರದಿಯಲ್ಲಿ ಗುರುತಿಸಿದ ಕಾರಣಗಳಲ್ಲೊಂದು ಮೇಲ್ನೋಟಕ್ಕೆ ನಿರುಪದ್ರವಿಯಾದ ಒಂದು ನಿಯಮ. ಮೊಕದ್ದಮೆಯಿಲ್ಲದೆ ಬಿಟ್ಟು ಕಳಿಸುವ ಸೌಲಭ್ಯ ಬೇಕಿದ್ದರೆ ಮಗು ಮೊದಲು ತಪ್ಪನ್ನು ಒಪ್ಪಿಕೊಳ್ಳಬೇಕಿತ್ತು. ಪೊಲೀಸರ ಮೇಲೆ ನಂಬಿಕೆಯಿರುವ ಮನೆಯ ಮಗು ಒಪ್ಪಿಕೊಂಡು ಮನೆಗೆ ಹೋಗುತ್ತದೆ; ಠಾಣೆಯಲ್ಲಿ ಆಡಿದ ಮಾತೆಲ್ಲ ತನ್ನ ವಿರುದ್ಧವೇ ತಿರುಗುತ್ತದೆಂದು ಕೇಳಿಕೊಂಡು ಬೆಳೆದ ಮಗು ಬಾಯಿ ಬಿಡುವುದಿಲ್ಲ, ಹಾಗಾಗಿ ನ್ಯಾಯಾಲಯಕ್ಕೆ ಹೋಗುತ್ತದೆ. ಒಪ್ಪಿಗೆಯ ಷರತ್ತಿಲ್ಲದೆಯೇ ಮೊಕದ್ದಮೆಯನ್ನು ಮುಂದೂಡಿ, ಸುಧಾರಣೆಗೆ ಕಾಲಾವಕಾಶ ಕೊಟ್ಟು ನೋಡಬೇಕೆಂದು ಲ್ಯಾಮಿ ಶಿಫಾರಸು ಮಾಡಿದರು.

ನನ್ನ ಮೇಷ್ಟ್ರು ಭೂತಗನ್ನಡಿಯನ್ನು ಯಾರು ಕದ್ದರೆಂದು ಕೇಳಲೇ ಇಲ್ಲ ಎಂಬುದರ ಬೆಲೆ ಆ ವರದಿಯ ಬಗ್ಗೆ ಓದುವಾಗ ನನಗೆ ತಿಳಿಯಿತು. ಅದೇ ವರ್ಷ ನಮ್ಮ ತರಗತಿಯ ಇನ್ನೊಬ್ಬ ಹುಡುಗನ ಮೇಲೆ, ಕಚೇರಿಯ ಮೇಜಿನಿಂದ ಗಡಿಯಾರ ತೆಗೆದನೆಂಬ ಆರೋಪ ಬಂತು. ಅವನ ಅಣ್ಣ ಆಗಲೇ ಒಮ್ಮೆ ಜೈಲಿಗೆ ಹೋಗಿ ಬಂದಿದ್ದ, ಆದ್ದರಿಂದ ಆರೋಪ ಎಲ್ಲರಿಗೂ ಸಹಜವೆನಿಸಿತು. ಅವನನ್ನು ಇಡೀ ಬೆಳಿಗ್ಗೆ ಕಚೇರಿಯ ಬಾಗಿಲಲ್ಲಿ ನಿಲ್ಲಿಸಿ, ಒಪ್ಪಿಕೊಂಡರೆ ಬಿಡುತ್ತೇವೆ ಎಂದರು. ಮಧ್ಯಾಹ್ನ ಪೊಲೀಸರನ್ನು ಕರೆಸಿದರು. ಅವನು ಮತ್ತೆ ಶಾಲೆಗೆ ಬರಲಿಲ್ಲ. ನಾನು ಅವನನ್ನು ಕೊನೆಯ ಸಲ ನೋಡಿದಾಗ ಅವನಿನ್ನೂ ಆ ಬಾಗಿಲಲ್ಲೇ ನಿಂತು, ನಾನು ತೆಗೆದಿಲ್ಲ ಎಂದು ಹೇಳುತ್ತಿದ್ದ.